ಟ್ರ್ಯಾಕ್ಟರ್ ಬ್ಯಾಟರಿಯಿಂದ ಮೊಬೈಲ್ ಚಾರ್ಜ್



ನಮ್ಮ ಯಡೂರು ಕೃಷ್ಣಾ ನದಿಯ ದಂಡೆಯ ಮೇಲಿದೆ. ಈ ಹೊಳೆ ನಮ್ಮ ಕಬ್ಬಿಗೆ ನೀರು ಕೊಡುತ್ತದೆ. ಮಳೆಗಾಲದಲ್ಲಿ ಇದೇ ಹೊಳೆ ನಮ್ಮನ್ನು ಹೆದರಿಸುತ್ತದೆ. ಮಹಾಬಳೇಶ್ವರದ ಕಡೆ ಜೋರು ಮಳೆಯಾದರೆ ಇಲ್ಲಿ ನೀರು ಏರುತ್ತದೆ. ಕಲ್ಲೋಳ–ಯಡೂರು ಸೇತುವೆ ಮುಳುಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ನಮ್ಮ ಚಿಕ್ಕೋಡಿ ಸೀಮೆಗೆ ಮಹಾಪೂರ ಬಂತು. 2021ರ ಜುಲೈ ತಿಂಗಳಲ್ಲಿ ಮತ್ತೆ ಬಂತು.

ನೆರೆ ಬಂದರೆ ಕರೆಂಟು ಹೋಗುತ್ತದೆ. ಒಂದೆರಡು ದಿನದಲ್ಲಿ ಮೊಬೈಲೂ ನಿಲ್ಲುತ್ತದೆ. ಆಗ ಸಹಾಯಕ್ಕೆ 112ಕ್ಕೆ ಫೋನ್ ಮಾಡುವುದು ಹೇಗೆ? "ಅವ್ವ ಎಲ್ಲಿದ್ದಾಳ? ದನ ಎಲ್ಲಿ ಕಟ್ಟೀರಿ?" ಎಂದು ಕೇಳುವ ಮಗಳಿಗೆ ಉತ್ತರ ಹೇಳುವುದು ಹೇಗೆ?

ಎತ್ತರದ ಜಾಗದಲ್ಲಿ ಟ್ರ್ಯಾಕ್ಟರು ನಿಂತಿರುತ್ತದೆ. ಅದರಲ್ಲಿ ದೊಡ್ಡ ಬ್ಯಾಟರಿ ಇರುತ್ತದೆ. "ಅದರಿಂದ ಒಂದು ವೈರು ಎಳೆದು ಮೊಬೈಲಿಗೆ ಹಚ್ಚಿದರ ಆಗಂಗಿಲ್ಲೇನ್ರಿ?" ಎಂದು ಹಲವರು ಕೇಳುತ್ತಾರೆ.

ಚಾರ್ಜ್ ಮಾಡಬಹುದು. ಆದರೆ ನೇರ ವೈರು ಹಚ್ಚಬಾರದು. ಏಕೆ? ನೋಡೋಣ.

ಎರಡು ಬ್ಯಾಟರಿ, ಎರಡು ಗುಣ

ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಸೀಸದ ಹಲಗೆಗಳು ಮತ್ತು ಆಸಿಡ್ ಇರುತ್ತವೆ. ಇಂಥ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಪ್ಲಾಂಟೆ ಎಂಬುವರು 1859ರಲ್ಲಿ ಮಾಡಿದರು. ಇದರೊಳಗೆ 6 ಮನೆಗಳಿವೆ. ಒಂದೊಂದು ಮನೆ ಸುಮಾರು 2 ವೋಲ್ಟ್ ಕೊಡುತ್ತದೆ. 6 ಎರಡಲೆ 12. ಅದಕ್ಕೇ ಇದನ್ನು 12 ವೋಲ್ಟ್ ಬ್ಯಾಟರಿ ಎನ್ನುತ್ತೇವೆ.

ಮೊಬೈಲಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಈಗಿನ ಎಷ್ಟೋ ಟಾರ್ಚುಗಳಲ್ಲೂ ಅದೇ ಇದೆ. ಇದು 1991ರಿಂದ ಪೇಟೆಗೆ ಬಂತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ನಮ್ಮಲ್ಲಿ ಮಹಾಪೂರ ಬಂದ ವರ್ಷವೇ ಅದು.

ಸಾಮಾನ್ಯ ಲಿಥಿಯಂ ಬ್ಯಾಟರಿಯ ಒಂದು ಮನೆ 4.2 ವೋಲ್ಟಿಗೆ ತುಂಬಿತು ಎಂದು ಲೆಕ್ಕ. ಅದಕ್ಕಿಂತ ಹೆಚ್ಚು ತುಂಬಿದರೆ ಬಿಸಿಯಾಗುತ್ತದೆ. ಉಬ್ಬುತ್ತದೆ. ಬೆಂಕಿಯೂ ಹತ್ತಬಹುದು. 12 ವೋಲ್ಟನ್ನು ನೇರ ಕೊಟ್ಟರೆ ಏನಾದೀತು? ಕಾಲುವೆಯ ನೀರನ್ನೆಲ್ಲ ಒಂದು ಚರಿಗೆಗೆ ಬಿಟ್ಟ ಹಾಗೆ.

ನಡುವೆ ಚಾರ್ಜರ್ ಇರಲಿ

ಕಾಲುವೆಗೆ ತೂಬು ಇದ್ದ ಹಾಗೆ ಬ್ಯಾಟರಿಗಳ ನಡುವೆ ಚಾರ್ಜರ್ ಇರಬೇಕು. ಕಾರಿನ ಚಾರ್ಜರ್ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುತ್ತದೆ. ಆಮೇಲೆ ಮೊಬೈಲಿನ ಒಳಗಿನ ಯಂತ್ರ ಬ್ಯಾಟರಿಯನ್ನು ಹದವಾಗಿ ತುಂಬುತ್ತದೆ. ತುಂಬಿದ ಮೇಲೆ ನಿಲ್ಲಿಸುತ್ತದೆ.

ಕೆಲವು ಟ್ರ್ಯಾಕ್ಟರುಗಳಲ್ಲಿ ಈ ಚಾರ್ಜರ್ ಸಿಕ್ಕಿಸುವ ಜಾಗ ಇರುತ್ತದೆ. ಇಲ್ಲದಿದ್ದರೆ ಚಿಮಟಾ ವೈರು ಮತ್ತು ಫ್ಯೂಜು ಇರುವ ಚಾರ್ಜರ್ ತರಬೇಕು. ವೈರು ಒಂದಕ್ಕೊಂದು ತಾಗಿದರೆ ಫ್ಯೂಜು ಕರಗಿ ಕರೆಂಟು ಕಡಿಯುತ್ತದೆ. ನೆರೆ ಬಂದ ಮೇಲೆ ಅಂಗಡಿ ಹುಡುಕುವುದು ಆಗದ ಮಾತು. ಮೃಗಶಿರಾ ಮಳೆಗೆ ಮುಂಚೆಯೇ ತಂದಿಡೋಣ.

12 ಮತ್ತು 12 ಒಂದೇ ಅಲ್ಲ

ಬೆಳೆಗೆ ಔಷಧ ಹೊಡೆಯುವ ಪಂಪಿನಲ್ಲೂ ಬ್ಯಾಟರಿ ಇದೆ. ಅದರ ಮೇಲೂ 12 ಎಂದು ಬರೆದಿರುತ್ತದೆ. "ಅದೂ 12, ಇದೂ 12. ನೇರ ಜೋಡಿಸಿದರ ಏನಾತು?" ಎನ್ನಿಸಬಹುದು.

ಆ ಪಂಪಿನಲ್ಲಿ ಲಿಥಿಯಂ ಬ್ಯಾಟರಿಯ 3 ಮನೆಗಳಿವೆ ಎನ್ನೋಣ. ಒಂದು ಮನೆಯ ಮಿತಿ 4.2. ಮೂರಕ್ಕೆ 12.6. ಟ್ರ್ಯಾಕ್ಟರಿನ ಎಂಜಿನ್ ಓಡುವಾಗ ಅದರ ಬ್ಯಾಟರಿಯಲ್ಲಿ 14 ವೋಲ್ಟ್ ದಾಟಬಹುದು. 14 ದೊಡ್ಡದೋ, 12.6 ದೊಡ್ಡದೋ? 14 ದೊಡ್ಡದು. ಮಿತಿ ಮೀರಿತು! ಎಂಜಿನ್ ಬಂದ್ ಇದ್ದರೂ ಖಾಲಿ ಬ್ಯಾಟರಿಗೆ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಆದ್ದರಿಂದ ಪಂಪಿಗೆ ಅದರದೇ ಚಾರ್ಜರ್ ಬೇಕು.

ಹೀಗೆ ಮಾಡೋಣ

1. ಟ್ರ್ಯಾಕ್ಟರು ಬಯಲಲ್ಲಿ, ಒಣ ಜಾಗದಲ್ಲಿ ನಿಂತಿರಲಿ. ಸೀಸದ ಬ್ಯಾಟರಿಯಿಂದ ಉರಿಯುವ ಗಾಳಿ ಹೊರಬರುತ್ತದೆ. ಬೀಡಿ, ಕಡ್ಡಿ, ಚಿಮಣಿ ದೂರ ಇರಲಿ.

2. ಬ್ಯಾಟರಿಯ ಮೇಲಿನ ಗುರುತು ಓದೋಣ. ಕೂಡಿಸುವ ಗುರುತು + ಇದ್ದಲ್ಲಿ ಕೆಂಪು ಚಿಮಟಾ. ಕಳೆಯುವ ಗುರುತು − ಇದ್ದಲ್ಲಿ ಕಪ್ಪು ಚಿಮಟಾ. ಅದಲು ಬದಲು ಆಗಬಾರದು.

3. ಚಿಮಟಾ ಹಚ್ಚಿದ ಮೇಲೆ ಕೊನೆಗೆ ಮೊಬೈಲ್ ಸಿಕ್ಕಿಸೋಣ. ಬಿಚ್ಚುವಾಗ ಮೊದಲು ಮೊಬೈಲ್, ಆಮೇಲೆ ಕಪ್ಪು, ಕೊನೆಗೆ ಕೆಂಪು.

4. ಮೊಬೈಲನ್ನು ನೆರಳಲ್ಲಿ ಇಡೋಣ. ಬಿಸಿಲಲ್ಲಿ, ಬಿಸಿ ಎಂಜಿನ್ ಮೇಲೆ, ಹಾಸಿಗೆಯ ಮೇಲೆ ಇಡಬಾರದು. ಯಾರಾದರೂ ಹತ್ತಿರ ಕೂತು ನೋಡುತ್ತಿರಲಿ.

5. ನೀರಲ್ಲಿ ತೊಯ್ದ ಮೊಬೈಲಿಗೆ, ಉಬ್ಬಿದ ಬ್ಯಾಟರಿಗೆ ಚಾರ್ಜ್ ಹಚ್ಚಲೇಬಾರದು.

6. ಹೊಗೆ ಬಂದರೆ ದೂರ ಸರಿಯೋಣ. ಆ ಹೊಗೆ ವಿಷ. ಮಕ್ಕಳನ್ನು ದೂರ ಕಳಿಸೋಣ. ಕೈಯಿಂದ ಎತ್ತಬಾರದು.

7. ಆಸಿಡ್ ಮೈಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಲ್ಲಿ ತೊಳೆಯೋಣ. ಕಣ್ಣಿಗೆ ಸಿಡಿದರೆ ತೊಳೆದು ಕೂಡಲೇ ದವಾಖಾನೆಗೆ ಹೋಗೋಣ.

ಎಷ್ಟು ಮೊಬೈಲ್ ತುಂಬಬಹುದು?

ಟ್ರ್ಯಾಕ್ಟರ್ ಬ್ಯಾಟರಿಯ ಮೇಲೆ ಇನ್ನೊಂದು ಅಂಕಿ ಇರುತ್ತದೆ. 75 ಎಂದು ಇದೆ ಎನ್ನೋಣ. ಅದು 75 ಆಂಪಿಯರ್-ಅವರ್. ಅಂದರೆ ಅದರ ಹೊಟ್ಟೆಯ ಅಳತೆ. ಈಗಿನ ಒಂದು ದೊಡ್ಡ ಮೊಬೈಲ್ ಪೂರ್ತಿ ತುಂಬಲು ಅದರಲ್ಲಿ ಸುಮಾರು 2 ಖರ್ಚಾಗುತ್ತದೆ. 10 ಮೊಬೈಲಿಗೆ 20. 75ರಲ್ಲಿ 20 ಕಳೆದರೆ 55 ಉಳಿಯಿತು.

ಬ್ಯಾಟರಿ ಹಳೆಯದಾದರೆ 75 ಹಿಡಿಯುವುದಿಲ್ಲ. 40 ಮಾತ್ರ ಹಿಡಿಯಬಹುದು. 40ರಲ್ಲಿ 20 ಹೋದರೆ ಅರ್ಧ ಖಾಲಿ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಚಾಲೂ ಆಗದಿದ್ದರೆ? ನೀರು ಇನ್ನೂ ಏರಿದರೆ? ಮುದುಕರನ್ನು, ಮಕ್ಕಳನ್ನು, ಜ್ವಾಳದ ಚೀಲವನ್ನು ಸಾಗಿಸಬೇಕಾದದ್ದು ಅದೇ ಟ್ರ್ಯಾಕ್ಟರು. ಹಾಗಾಗಿ ಹಳೆ ಬ್ಯಾಟರಿಯಿಂದ ನಾಲ್ಕೈದು ಮೊಬೈಲ್ ಸಾಕು. ಆಮೇಲೆ ಬಯಲಲ್ಲೇ ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಿಸಿ ಬ್ಯಾಟರಿ ತುಂಬಿಸಬೇಕು. ಮುಚ್ಚಿದ ಶೆಡ್ಡಿನಲ್ಲಿ ಓಡಿಸಬಾರದು. ಎಂಜಿನ್ನಿನ ಹೊಗೆ ಜೀವ ತೆಗೆಯುತ್ತದೆ.

ಎಲ್ಲರ ಮೊಬೈಲ್ ಪೂರ್ತಿ ತುಂಬಬೇಕೆಂದಿಲ್ಲ. ಓಣಿಗೆ ಎರಡು ಮೊಬೈಲ್ ಜೀವಂತ ಇದ್ದರೂ ಎಲ್ಲರ ಸುದ್ದಿ ಹೋಗುತ್ತದೆ. ಹಾಡು, ಚಿತ್ರ ಆಮೇಲೆ ನೋಡೋಣ.

"ಇದೆಲ್ಲ ಗಂಡಸರ ಕೆಲಸ" ಎಂದು ಕೂಡ್ರುವುದು ಬ್ಯಾಡ. ನೆರೆ ಬಂದಾಗ ಗಂಡಸರು ದನ ಹೊಡೆದುಕೊಂಡು ಹೋಗಿರಬಹುದು. 12, 5, +, − ಈ ಗುರುತುಗಳನ್ನು ನಾವೀಗ ಓದಬಲ್ಲೆವು. ಓದಿದರೆ ಸಾಕು, ಈ ಕೆಲಸ ನಮ್ಮ ಕೈಗೂ ಬರುತ್ತದೆ.

ಮಾಡಿ ನೋಡೋಣ

1. ನಿಮ್ಮ ಮನೆಯ ಚಾರ್ಜರ್ ಮೇಲಿನ ಅಂಕಿಗಳನ್ನು ಓದಿ, ಪಾಟಿಯ ಮೇಲೆ ಬರೆಯಿರಿ.

2. ಒಂದು ಬ್ಯಾಟರಿಯಲ್ಲಿ 60 ಇದೆ. 6 ಮೊಬೈಲ್ ತುಂಬಿದೆವು. ಒಂದಕ್ಕೆ 2 ಖರ್ಚು. ಉಳಿದದ್ದು ಎಷ್ಟು?

3. ಹೊಳೆಯ ನೀರು ಏರಿದರೆ ನಿಮ್ಮ ಓಣಿಯ ಟ್ರ್ಯಾಕ್ಟರು ಎಲ್ಲಿ ನಿಲ್ಲಬೇಕು? ಗುಂಪಿನಲ್ಲಿ ಮಾತಾಡಿ, ಇವತ್ತೇ ಗೊತ್ತು ಮಾಡಿರಿ.