ಐರ್ಲೆಂಡಿನ ರಂಗಭೂಮಿ ಮತ್ತು ರಾಷ್ಟ್ರಾಭಿಮಾನ

ನಾಟಕವು ಜನಜೀವನದ ಕನ್ನಡಿ ಎಂಬ ಮಾತನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾವೆಲ್ಲರೂ ಬರೆದವರೇ. ಆದರೆ ಆ ಕನ್ನಡಿಯಲ್ಲಿ ಕಂಡ ಮುಖ ನಮಗೆ ಹಿಡಿಸದಿದ್ದರೆ ಮಾಡುವುದೇನು? ಕನ್ನಡಿಯನ್ನು ಒಡೆಯಬೇಕೆ, ಮುಖವನ್ನು ತೊಳೆಯಬೇಕೆ? ಐರ್ಲೆಂಡಿನ ರಂಗಭೂಮಿಯ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿತು.

ಐರ್ಲೆಂಡ್ ದ್ವೀಪವು ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದು. ಶತಮಾನಗಳ ಕಾಲ ಆಂಗ್ಲರ ಆಳ್ವಿಕೆಗೆ ಒಳಗಾಗಿದ್ದ ಆ ನಾಡಿನ ಸ್ವಂತ ನುಡಿಯು 19ನೆಯ ಶತಮಾನದ ಕೊನೆಗೆ ಬಹುಮಟ್ಟಿಗೆ ಪಶ್ಚಿಮದ ಹಳ್ಳಿಗಳಲ್ಲಿ ಮಾತ್ರ ಉಳಿದಿತ್ತು. ಆಂಗ್ಲರ ರಂಗದ ಮೇಲಾದರೋ ಐರಿಷ್ ಮನುಷ್ಯನೆಂದರೆ ಕುಡುಕ, ಬಾಯಿಬಡುಕ, ನಗೆಪಾಟಲಿನ ಪಾತ್ರ. ಈ ಅವಮಾನಕ್ಕೆ ಉತ್ತರವೆಂಬಂತೆ ಕವಿ ಯೇಟ್ಸ್, ಲೇಡಿ ಗ್ರೆಗರಿ, ಎಡ್ವರ್ಡ್ ಮಾರ್ಟಿನ್ ಇವರು 1899ರಲ್ಲಿ ಡಬ್ಲಿನ್ ನಗರದಲ್ಲಿ ಐರಿಷ್ ಸಾಹಿತ್ಯ ರಂಗಭೂಮಿಯನ್ನು ಆರಂಭಿಸಿದರು. 1904ರ ಡಿಸೆಂಬರ್ 27ರಂದು ಆಬಿ ರಂಗಮಂದಿರ ತೆರೆಯಿತು. ಅದಕ್ಕೆ ಹಣ ಒದಗಿಸಿದವರು ಆನಿ ಹಾರ್ನಿಮನ್ ಎಂಬ ಆಂಗ್ಲ ಮಹಿಳೆಯೇ ಎಂಬುದು ಸ್ವಾರಸ್ಯದ ಸಂಗತಿ.

ಇದಕ್ಕೆ ಮೊದಲೇ, 1902ರಲ್ಲಿ, ಯೇಟ್ಸ್ ಮತ್ತು ಲೇಡಿ ಗ್ರೆಗರಿ ಸೇರಿ ಬರೆದ ನಾಟಕವೊಂದರಲ್ಲಿ ನಾಡೇ ಮುದುಕಿಯ ರೂಪ ತಾಳಿ ಬಂದು, ಮದುವೆಗೆ ಸಿದ್ಧನಾಗಿದ್ದ ತರುಣನನ್ನು ಹೋರಾಟಕ್ಕೆ ಕರೆದೊಯ್ದಿತ್ತು. ಜನ ಮೆಚ್ಚಿ ತಲೆದೂಗಿದರು. ರಾಷ್ಟ್ರೀಯ ರಂಗಭೂಮಿಯ ಕೆಲಸ ಇಷ್ಟೇ ಎಂದು ಮೊದಲು ನಾನೂ ತಿಳಿದಿದ್ದೆ.

ಆದರೆ 1907ರಲ್ಲಿ ಸಿಂಜ್ ಎಂಬ ನಾಟಕಕಾರನ ಹೊಸ ಕೃತಿ ಆಬಿಯಲ್ಲಿ ಪ್ರಯೋಗವಾಯಿತು. ತಂದೆಯನ್ನು ಕೊಂದೆನೆಂದು ಹೇಳಿಕೊಳ್ಳುವ ಹುಡುಗನೊಬ್ಬನನ್ನು ಹಳ್ಳಿಯ ಜನ ವೀರನೆಂದು ಮೆರೆಸುವ ಕಥೆ ಅದು. ನಮ್ಮ ರೈತರು ಇಂಥವರೆ, ನಮ್ಮ ಹೆಣ್ಣುಮಕ್ಕಳು ಇಂಥವರೆ ಎಂದು ಪ್ರೇಕ್ಷಕರು ಕೆರಳಿದರು. ಗದ್ದಲದಲ್ಲಿ ನಟರ ಮಾತು ಕೇಳಿಸದಾಯಿತು, ಪೋಲೀಸರು ಬಂದರು. ನಾಟಕವನ್ನು ಮಾತ್ರ ನಿಲ್ಲಿಸಲಿಲ್ಲ. ಸಿಂಜ್ ನಾಡನ್ನು ಅರಿಯದವನಲ್ಲ. ಅರಾನ್ ದ್ವೀಪಗಳ ಜನರ ನಡುವೆ ಬಾಳಿ, ಅವರ ನುಡಿಗಟ್ಟಿನ ಲಯವನ್ನು ತನ್ನ ಇಂಗ್ಲಿಷಿಗೆ ತಂದವನು.

1926ರಲ್ಲಿ ಮತ್ತೆ ಅದೇ ಕಥೆ. 1916ರ ದಂಗೆಯ ದಿನಗಳನ್ನು ಶಾನ್ ಓಕೇಸಿ ಡಬ್ಲಿನ್ನಿನ ಬಡ ವಠಾರದೊಳಗಿಂದ ತೋರಿಸಿದ. ರಾಷ್ಟ್ರಧ್ವಜವನ್ನು ಹೆಂಡದಂಗಡಿಯೊಳಗೆ ತಂದ ದೃಶ್ಯಕ್ಕೆ ಜನ ರೊಚ್ಚಿಗೆದ್ದರು. ಪ್ರತಿಭಟಿಸಿದವರಲ್ಲಿ 1916ರಲ್ಲಿ ತಮ್ಮವರನ್ನು ಕಳೆದುಕೊಂಡ ಹೆಂಗಸರೂ ಇದ್ದರು. ಅವರ ದುಃಖವನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸತ್ತ ವೀರರ ಜೊತೆಗೆ, ಗುಂಡಿನ ನಡುವೆ ಹಸಿದು ಕುಳಿತ ಬಡವರೂ ಆ ನಾಡಿನವರೇ ತಾನೆ? ಅವರ ಕಥೆಯನ್ನು ರಂಗಭೂಮಿಯಲ್ಲದೆ ಇನ್ನಾರು ಹೇಳಬೇಕಾಗಿತ್ತು? ಹಿಂದಿನ ವರ್ಷವೇ, 1925ರಲ್ಲಿ, ಸ್ವತಂತ್ರ ಐರಿಷ್ ಸರ್ಕಾರ ಆಬಿಗೆ 850 ಪೌಂಡುಗಳ ಸಹಾಯಧನ ನೀಡಿತ್ತು. ಸರ್ಕಾರದ ಹಣ ಪಡೆದೂ ಆ ರಂಗಮಂದಿರ ಹೊಗಳುಭಟನಾಗಲಿಲ್ಲ.

ಈ ಚಳವಳಿಯ ಒಂದು ಎಳೆ ನಮ್ಮ ನಾಡನ್ನೂ ಮುಟ್ಟಿದೆ. 1902ರಲ್ಲಿ ಡಬ್ಲಿನ್ನಿನಲ್ಲಿ ತನ್ನ ನಾಟಕಗಳು ಪ್ರಯೋಗವಾಗಿದ್ದ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ, ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದವರು ಇವರೇ. ನಾಡಿನ ನುಡಿ ಸೊರಗುವ ನೋವನ್ನು ಕಂಡಿದ್ದ ದೇಶದವರಿಂದ ಆ ಮಾತು ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಪರರ ಹೀಯಾಳಿಕೆಗೆ ಉತ್ತರ ಕೊಡುವುದು ರಾಷ್ಟ್ರೀಯ ರಂಗಭೂಮಿಯ ಮೊದಲ ಮೆಟ್ಟಿಲು. ತನ್ನವರ ಕೋಪವನ್ನು ಸಹಿಸಿ ನಿಜವನ್ನು ಆಡುವುದು ಎರಡನೆಯದು, ಕಷ್ಟವಾದದ್ದೂ ಇದೇ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕವನ್ನು ಆರಿಸುವಾಗ, ಚಪ್ಪಾಳೆ ಎಷ್ಟು ಬಿದ್ದೀತು ಎಂದು ಲೆಕ್ಕ ಹಾಕುವ ಮೊದಲು, ನಮ್ಮ ಯಾವ ಮುಖವನ್ನು ಅದು ನಮಗೆ ತೋರಿಸುತ್ತದೆ ಎಂದು ಮಿತ್ರರು ಒಮ್ಮೆ ಕೇಳಿಕೊಂಡರೆ ಈ ಪುಟ್ಟ ಲೇಖನ ಸಾರ್ಥಕವಾದಂತೆ.