ಯಾವ ಸೊನ್ನೆಯಿಂದ? — ಸರ್ವೆಯ ಹಳೆಯ ಗುರುತುಗಳನ್ನು ಹುಡುಕುವ ಬಗ್ಗೆ

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ತಪ್ಪು ಲೆಕ್ಕ ನಡೆಯಿತು. ಅದನ್ನು ಮಾಡಿದವರು ನಾವೇ ಆದುದರಿಂದ ಮೊದಲು ಅದನ್ನೇ ಹೇಳಿಬಿಡುವುದು ಲೇಸು.

ಖಾಡಿಯ ಕಡೆಯ ಓಣಿಯಲ್ಲಿ ನೆಲಮಹಡಿಯ ಕೋಣೆಯೊಂದರಲ್ಲಿ ಸಂಸಾರ ಮಾಡಿಕೊಂಡಿರುವ ಸದಸ್ಯರೊಬ್ಬರು ಒಂದು ಸಂಜೆ ಎರಡು ಕಾಗದ ಹಿಡಿದು ಬಂದರು. ಒಂದು, ಆ ದಿನದ ಪತ್ರಿಕೆ. ಮರುದಿನ ಮಧ್ಯಾಹ್ನ 4.8 ಮೀಟರ್ ಉಬ್ಬರ ಬರಲಿದೆಯೆಂಬ ಎಚ್ಚರಿಕೆ ಅದರಲ್ಲಿತ್ತು. ಇನ್ನೊಂದು, ಅವರ ಕಟ್ಟಡದ ನಕ್ಷೆಯ ಪ್ರತಿ. ಅದರಲ್ಲಿ ನೆಲಮಹಡಿಯ ಮಟ್ಟ 4.2 ಮೀಟರ್ ಎಂದು ಬರೆದಿತ್ತು. "ಅಂದ್ರ ನಮ್ಮ ಖೋಲಿಯಾಗ ಎಷ್ಟು ನೀರು ಬರ್ತದ್ರೀ?" ಎಂದು ಕೇಳಿದರು. ಗಿರಣಿಯಲ್ಲಿ ದಿನವಿಡೀ ಕೂಡುವುದು ಕಳೆಯುವುದನ್ನೇ ಮಾಡುವ ನಾವು ತಡಮಾಡಲಿಲ್ಲ. 4.8ರಲ್ಲಿ 4.2 ಕಳೆದು, 60 ಸೆಂಟಿಮೀಟರ್, ಮೊಣಕಾಲಿನವರೆಗೆ ಎಂದು ಧೈರ್ಯವಾಗಿ ಹೇಳಿದೆವು. ಅವರು ಅಂದೇ ರಾತ್ರಿ ಟ್ರಂಕು, ಹಾಸಿಗೆ, ಜೋಳದ ಚೀಲಗಳನ್ನೆಲ್ಲ ಮೂರನೆಯ ಮಹಡಿಯ ಪರಿಚಯಸ್ಥರಲ್ಲಿಗೆ ಹೊತ್ತುಹಾಕಿದರು. ಎರಡು ದಿನದ ಪಗಾರ ಹೋಯಿತು. ಉಬ್ಬರ ಬಂತು, ಇಳಿಯಿತು. ಅವರ ಹೊಸಿಲಿಗೆ ಒಂದು ಹನಿ ತಾಗಲಿಲ್ಲ.

ಸರ್ವೆಯ ಕೆಲಸದಲ್ಲಿ ಅಳತೆಪಟ್ಟಿ ಹಿಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮಲ್ಲಿಗೆ ದಿನಪತ್ರಿಕೆ ಓದಲು ಬರುತ್ತಾರೆ. ಅವರು ಎರಡೂ ಕಾಗದ ನೋಡಿ, "ಎರಡೂ ಅಂಕಿ ಬರೋಬ್ಬರಿ ಅದಾವ. ಆದ್ರ ಯಾವ ಸೊನ್ನೆಯಿಂದ?" ಎಂದರು. ನಮಗೆ ಉತ್ತರ ಬರಲಿಲ್ಲ. ನಮ್ಮ ಭಾನುವಾರದ ತಿರುಗಾಟಗಳು ಶುರುವಾದದ್ದು ಆ ಪ್ರಶ್ನೆಯಿಂದ.

ವಿಷಯ ಇಷ್ಟೇ. ಪತ್ರಿಕೆಯವರು ಕೊಡುವ ಉಬ್ಬರದ ಎತ್ತರ ಬಂದರಿನ ಲೆಕ್ಕದ್ದು. ಹಡಗಿನ ತಳ ನೆಲಕ್ಕೆ ತಾಗಬಾರದೆಂದು ಬಂದರಿನವರು ತಮ್ಮ ಸೊನ್ನೆಯನ್ನು ನೀರು ಅತ್ಯಂತ ಇಳಿದಾಗಿನ ಮಟ್ಟದ ಹತ್ತಿರ ಇಟ್ಟುಕೊಂಡಿದ್ದಾರೆ. ಭೂಮಿಯ ಸರ್ವೆಯವರ ಸೊನ್ನೆಯೋ ಸರಾಸರಿ ಸಮುದ್ರಮಟ್ಟ. ಮುಂಬಯಿಯಲ್ಲಿ ಇವೆರಡರ ನಡುವೆ ಸುಮಾರು ಎರಡೂವರೆ ಮೀಟರ್ ಅಂತರ. ಆ ಕಟ್ಟಡದ 4.2 ಸಮುದ್ರಮಟ್ಟದಿಂದ ಅಳೆದದ್ದು. ಹಾಗಾಗಿ 4.8 ಮೀಟರಿನ ಉಬ್ಬರ ಅವರ ನಕ್ಷೆಯ ಲೆಕ್ಕದಲ್ಲಿ 2.3 ಮೀಟರ್ ಮಾತ್ರ. ಇಬ್ಬರು ಸಾಹುಕಾರರ ಖಾತೆಯ ಶಿಲ್ಕನ್ನು ಒಂದರಿಂದೊಂದು ಕಳೆದ ಹಾಗಾಯಿತು ನಮ್ಮ ಲೆಕ್ಕ. ಇದನ್ನು ಓದಿ ಯಾರೂ ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಮಲಗಬಾರದು. ಇಲ್ಲಿಯ ನೆಲ ಬಹುಮಟ್ಟಿಗೆ ತಗ್ಗಿನದು. ನೀರು ತಂಗಲೆಂದು ಸಿಡ್ಕೋದವರು ಕಟ್ಟಿದ ಹೊಂಡಗಳು ಖಾಡಿಯ ನೀರು ಇಳಿದಾಗಲೇ ಖಾಲಿಯಾಗಬೇಕು. ಉಬ್ಬರವೂ ಜಡಿಮಳೆಯೂ ಒಂದೇ ಹೊತ್ತಿಗೆ ಬಂದರೆ ಸಮುದ್ರದ ನೀರಲ್ಲ, ಮಳೆಯ ನೀರೇ ಓಣಿಯಲ್ಲಿ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದುದನ್ನು ಕಂಡವರು ಇನ್ನೂ ನಮ್ಮೊಳಗಿದ್ದಾರೆ.

ಮುಂಬಯಿ ಪಾಲಿಕೆಯ ಚರಂಡಿ ನಕ್ಷೆಗಳಿಗೆ ಮೂರನೆಯ ಸೊನ್ನೆಯೊಂದಿದೆ, ಅದನ್ನು ಟೌನ್ ಹಾಲ್ ಡೇಟಮ್ ಎನ್ನುತ್ತಾರೆ. ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಫೋರ್ಟಿನ ಟೌನ್ ಹಾಲೇ ಅದು. ಈ ಲೆಕ್ಕದ ಸೊನ್ನೆ ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿರುವುದರಿಂದ ನೆಲದೊಳಗಿನ ಚರಂಡಿಗೂ ಋಣಸಂಖ್ಯೆ ಬರುವುದಿಲ್ಲ. ಗುಮಾಸ್ತರಿಗೆ ಅನುಕೂಲವೇ!

ಇನ್ನು ಸಮುದ್ರದ ಸೊನ್ನೆ ಒಳನಾಡಿಗೆ ಹೇಗೆ ಬಂತು? ಊರಿಗೆ ಹೋಗುವಾಗ ಸ್ಟೇಷನ್ನಿನ ಹಳದಿ ಫಲಕದ ಮೇಲೆ, ಹೆಸರಿನ ಕೆಳಗೆ, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ತಾವೆಲ್ಲರೂ ನೋಡಿರುತ್ತೀರಿ. ಕಲಬುರ್ಗಿಯಲ್ಲಿ ನಿಂತವನಿಗೆ ಸಮುದ್ರ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಸುಮಾರು 900 ಮೀಟರ್ ಎತ್ತರದಲ್ಲಿರುವವನಿಗಂತೂ ಹೇಳಬೇಕಾದುದೇ ಇಲ್ಲ. ಆ ಅಂಕಿಯನ್ನು ಕಡಲ ದಂಡೆಯಿಂದ ಹೆಜ್ಜೆ ಹೆಜ್ಜೆಗೆ ಅಳೆಯುತ್ತ ಹೊತ್ತು ತಂದದ್ದು. ನಮ್ಮ ದೇಶದಲ್ಲಿ ನಿಖರವಾದ ಮಟ್ಟದ ಅಳತೆ 1858ರಲ್ಲಿ ಕರಾಚಿಯ ಕಡೆಯಿಂದ ಆರಂಭವಾಯಿತು. ಮುಂದೆ ಒಂಬತ್ತು ಬಂದರುಗಳಲ್ಲಿ ನೀರಿನ ಏರಿಳಿತವನ್ನು ಬರೆದಿಟ್ಟು, ಅವುಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಇಡೀ ದೇಶದ ಮಟ್ಟದ ಜಾಲವನ್ನು ಸರಿದೂಗಿಸಿದರು. ಇದು 1909ರ ಲೆಕ್ಕವೆಂದೇ ಪ್ರಸಿದ್ಧ. ಆ ಒಂಬತ್ತರಲ್ಲಿ ಮುಂಬಯಿಯ ಅಪೋಲೊ ಬಂದರವೂ ಒಂದು, ನಮ್ಮ ಕಾರವಾರವೂ ಒಂದು.

ಹೊತ್ತು ತಂದ ಎತ್ತರವನ್ನು ದಾರಿಯಲ್ಲಿ ಅಲ್ಲಲ್ಲಿ ಇಳಿಸಿಟ್ಟ ಜಾಗವೇ ಬೆಂಚ್ ಮಾರ್ಕ್. ಇದಕ್ಕೂ ನಾವು ಕೂರುವ ಬೆಂಚಿಗೂ ಸಂಬಂಧವಿಲ್ಲ, ಅಳತೆಪಟ್ಟಿ ಅಲುಗದೆ ಕೂರುವ ಜಾಗ ಎಂದಷ್ಟೇ ಅರ್ಥ. ಹಳೆಯ ಸೇತುವೆ, ಮೋರಿ, ಗುಡಿಯ ಮೆಟ್ಟಿಲು, ಸರಕಾರಿ ಕಟ್ಟಡದ ಜಗಲಿ, ಹುಟ್ಟುಬಂಡೆ, ಹೀಗೆ ಕದಲದ ಕಲ್ಲಿನ ಮೇಲೆ ಒಂದು ಸಣ್ಣ ಚೌಕ ಕೊರೆದಿರುತ್ತಾರೆ. ಅದರ ಜೊತೆಗೆ ಇಂಗ್ಲಿಷಿನಲ್ಲಿ ಜಿ.ಟಿ.ಎಸ್. ಎಂಬ ಮೂರು ಅಕ್ಷರ, ಬಿ.ಎಂ. ಎಂಬ ಎರಡು ಅಕ್ಷರ. ಮೊದಲಿನ ಮೂರು ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಎಂಬ ಮಹಾ ಮೋಜಣಿಯ ಹೆಸರು. ಕಲ್ಲಿನ ಮೇಲೆ ಎತ್ತರದ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ, ಅದು ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾದವರ ದಫ್ತರದಲ್ಲಿರುತ್ತದೆ. ಕಲ್ಲು ಒಡೆದರೆ ದಫ್ತರದ ಅಂಕಿಗೆ ಕಾಲಿಲ್ಲ. ದಫ್ತರ ಕಳೆದರೆ ಕಲ್ಲಿಗೆ ಬಾಯಿಲ್ಲ.

ಅಳೆಯುವ ರೀತಿ ನಮ್ಮ ಕಿರ್ದಿಯಂತೆಯೇ ಇದೆ. ಒಂದು ಗುರುತಿನ ಎತ್ತರ 5.300 ಮೀಟರ್ ಎಂದಿಟ್ಟುಕೊಳ್ಳೋಣ. ಇದು ಆರಂಭದ ಶಿಲ್ಕು. ಅದರ ಮೇಲೆ ಅಳತೆಪಟ್ಟಿ ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಸಮಪಾತಳಿಯಲ್ಲಿಟ್ಟ ಲೆವೆಲ್ ಯಂತ್ರದ ದುರ್ಬೀನಿನಿಂದ ನೋಡಿದಾಗ 1.420 ಕಂಡಿತು. ಹಾಗಾದರೆ ದುರ್ಬೀನಿನ ದೃಷ್ಟಿಯ ಎತ್ತರ 6.720. ಈಗ ಯಂತ್ರವನ್ನು ಕದಲಿಸದೆ ಪಟ್ಟಿಯನ್ನು ಮುಂದಿನ ಕಲ್ಲಿಗೆ ಒಯ್ದಾಗ 0.870 ಕಂಡರೆ, ಆ ಕಲ್ಲಿನ ಎತ್ತರ 5.850. ಯಂತ್ರವನ್ನು ಮುಂದೆ ಸಾಗಿಸಿ ಮತ್ತೆ ಹಿಂದಿನ ಕಲ್ಲನ್ನು ನೋಡಿದರೆ 1.105, ಮುಂದಿನ ಹೊಸಿಲನ್ನು ನೋಡಿದರೆ 2.035. ಹೊಸಿಲಿನ ಎತ್ತರ 4.920. ಹಿಂದಿನ ನೋಟಗಳೆಲ್ಲ ಜಮೆ, ಮುಂದಿನವೆಲ್ಲ ಖರ್ಚು. ಜಮೆಯ ಮೊತ್ತ 2.525, ಖರ್ಚಿನ ಮೊತ್ತ 2.905, ವ್ಯತ್ಯಾಸ 0.380. ಮೊದಲ ಕೊನೆಯ ಎತ್ತರಗಳ ವ್ಯತ್ಯಾಸವೂ ಅಷ್ಟೇ ಬರಬೇಕು, ಬರುತ್ತದೆ. ಇಷ್ಟರಿಂದ ಕೂಡಿಸಿದ್ದು ಸರಿಯೆಂದು ಮಾತ್ರ ತಿಳಿಯುತ್ತದೆ, ನೋಡಿದ್ದು ಸರಿಯೆಂದಲ್ಲ. ಅದಕ್ಕಾಗಿ ಹೋದ ದಾರಿಯಲ್ಲೇ ಅಳೆಯುತ್ತ ಹಿಂದಿರುಗಬೇಕು.

ನಮ್ಮವರು ಬಹಳ ಜನ ಇದನ್ನೂ ಬೆಟ್ಟದ ನೆತ್ತಿಯ ಸರ್ವೆ ಗುರುತನ್ನೂ ಒಂದೇ ಎಂದುಕೊಳ್ಳುತ್ತಾರೆ. ಎತ್ತರದ ಗುರುತು ರಸ್ತೆ, ರೈಲುದಾರಿಗಳ ಬದಿಯದು. ಬೆಟ್ಟದ ನೆತ್ತಿಯ ಮೇಲಿನದು ತ್ರಿಕೋನದ ಮೂಲೆ, ನೆಲದ ಮೇಲೆ ಜಾಗ ಯಾವುದೆಂದು ಹೇಳುವುದು ಅದರ ಮುಖ್ಯ ಕೆಲಸ. ಅಲ್ಲಿ ಚೌಕವಿರದೆ ವೃತ್ತವೂ ನಡುವೆ ಚುಕ್ಕಿಯೂ ಇರುತ್ತವೆ. ಈ ತ್ರಿಕೋನಗಳ ಕಥೆ ನಮ್ಮ ನಾಡಿನಲ್ಲಿಯೇ ಹುಟ್ಟಿತೆನ್ನಬಹುದು. ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕ 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದವನು. ರಾತ್ರಿ ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದ್ದ ತನ್ನ ಪಡೆಯನ್ನು ನಕ್ಷತ್ರ ನೋಡಿ ಎಚ್ಚರಿಸಿದನೆಂದು ಹೇಳುತ್ತಾರೆ. ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಸರಪಳಿ ಎಳೆದು ಪ್ರಾಯೋಗಿಕವಾಗಿ ಒಂದು ಆಧಾರರೇಖೆಯನ್ನು ಅಳೆದನು. ಆ ಉಕ್ಕಿನ ಸರಪಳಿ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿ ಹಿಂದೆ ಬಂದದ್ದಂತೆ! 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ದೊಡ್ಡ ಕೆಲಸ ಆರಂಭವಾಯಿತು. ಎವರೆಸ್ಟ್ ಶಿಖರದ ಎತ್ತರ ತಿಳಿದದ್ದು ಅದೇ ಮೋಜಣಿ ಉತ್ತರಕ್ಕೆ ಬೆಳೆದು ಹಿಮಾಲಯ ಮುಟ್ಟಿದ ಮೇಲೆ.

ಬೆಂಗಳೂರಿನ ಬಳಿ 1868ರಲ್ಲಿ ಇನ್ನೊಮ್ಮೆ ಆಧಾರರೇಖೆ ಅಳೆದರು. ಅದರ ಒಂದು ತುದಿಗೆ, ಕಣ್ಣೂರು ಎಂಬ ಗ್ರಾಮದಲ್ಲಿ, ಸಣ್ಣದೊಂದು ವೀಕ್ಷಣಾ ಗೋಪುರವಿತ್ತು. ಒಂದೂವರೆ ಶತಮಾನ ನಿಂತಿದ್ದ ಅದನ್ನು 2024ರಲ್ಲಿ ಕೆಡವಿ ನೆಲಸಮ ಮಾಡಿದರು. ಆ ಸುದ್ದಿಯನ್ನು ಓದಿದ ದಿನ ನಮಗೆ ನಮ್ಮದೇ ಹಿತ್ತಿಲಿನ ಕಲ್ಲು ಕಿತ್ತಂತಾಯಿತು. ಅದು ಕಲ್ಲುಗಾರೆಯ ಒಂದು ಬಡ ಕಟ್ಟಡ. ನೋಡಲು ಚೆಲುವೇನಿರಲಿಲ್ಲ, ಅದೇ ಅದಕ್ಕೆ ಮುಳುವಾಯಿತೋ ಏನೋ.

ಈ ಊರಿನಲ್ಲಿ ನಾವು ಹುಡುಕಿದ್ದರ ಫಲವನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲ ಭಾನುವಾರ ಬೇಲಾಪುರ ಕಿಲ್ಲೆಯ ಸುತ್ತ, ಎರಡನೆಯ ಭಾನುವಾರ ಪಾರಸಿಕ್ ಗುಡ್ಡದ ಕೆಳಗೆ ತಿರುಗಿ ಬಾಂದುಕಲ್ಲು ಎರಡು, ಟೆಲಿಫೋನಿನವರ ಕಲ್ಲು ಒಂದು, ಹೆಸರು ಕೆತ್ತಿದ ಪ್ರೇಮಿಗಳ ಬಂಡೆ ಲೆಕ್ಕವಿಲ್ಲದಷ್ಟು ಕಂಡೆವು. ರಸ್ತೆ ಅಗಲಿಸಿ ಮಣ್ಣು ತುಂಬಿ ನೆಲವನ್ನೇ ಏರಿಸಿದ ಊರಿನಲ್ಲಿ ಹಳೆಯ ಗುರುತು ಸಿಗುವುದು ಕಷ್ಟ. ಆದರೆ ದೀಪಾವಳಿಗೆ ಊರಿಗೆ ಹೋದಾಗ, ಚಿಕ್ಕಂದಿನಿಂದ ಕುಳಿತು ಹರಟೆ ಹೊಡೆದ ಹಳೆಯ ಮೋರಿಯ ಕಟ್ಟೆಯ ಮೇಲೆಯೇ, ಸುಣ್ಣದ ಪದರದಡಿ ಚೌಕದ ಒಂದು ಮೂಲೆ ಕಂಡಿತು. ಸಂತೋಷದಲ್ಲಿ ಕುಡುಗೋಲಿನ ತುದಿಯಿಂದ ಕೆರೆದೆವು. ಸುಣ್ಣದ ಜೊತೆಗೆ ಚೌಕದ ಅಂಚಿನ ಚಕ್ಕೆಯೂ ಹಾರಿತು. ಅಳತೆಗೆ ಅದರಿಂದ ಎಷ್ಟು ಕೆಡುಕಾಯಿತೋ, ನಮ್ಮ ಮನಸ್ಸಿಗಂತೂ ಆಯಿತು. ನೀರು, ತೆಂಗಿನ ನಾರು, ಅಕ್ಷರ ಮೂಡಿಸಲು ಸೀಮೆಸುಣ್ಣ, ಇವಿಷ್ಟೇ ಸಾಕಾಗಿದ್ದವು.

ಹುಡುಕುವವರಿಗೆ ಮುಖ್ಯವಾದ ಸಾಧನ ನಕ್ಷೆ. ಬೇಲಾಪುರವು ಸರ್ವೆಯ ಹಳೆಯ ಕ್ರಮದಲ್ಲಿ 47 ಇ/4 ಎಂಬ ಹಾಳೆಯಲ್ಲಿ ಬರುತ್ತದೆ. ನಕ್ಷೆಯಲ್ಲಿ ಬಿ.ಎಂ. ಎಂದಿದ್ದು ಮುಂದೆ ಅಂಕಿಯಿದ್ದರೆ ಎತ್ತರದ ಗುರುತು, ಸಣ್ಣ ತ್ರಿಕೋನವಿದ್ದರೆ ಬೆಟ್ಟದ ಗುರುತು. ಹಳೆಯ ಹಾಳೆಗಳಲ್ಲಿ ಅಂಕಿ ಅಡಿಗಳಲ್ಲಿರುತ್ತದೆ, ಹೊಸದರಲ್ಲಿ ಮೀಟರುಗಳಲ್ಲಿ. ಇದನ್ನು ನೋಡದೆ ಹೊರಟರೆ ನಮ್ಮ 4.8ರ ಕಥೆಯೇ. ದಾದರ್ ಕಡೆ ಕೆಲಸಕ್ಕೆ ಹೋಗುವವರು ಡಾ. ಅಂಬೇಡ್ಕರ್ ಮಾರ್ಗದ ಹಳೆಯ ಮೈಲಿಗಲ್ಲನ್ನು ನೋಡಿ ಬರಬಹುದು. ಅದು ಎತ್ತರದ ಗುರುತಲ್ಲ, ಫೋರ್ಟಿನ ಸೇಂಟ್ ಥಾಮಸ್ ಚರ್ಚಿನಿಂದ ದೂರ ಹೇಳುವ ಕರಿಕಲ್ಲು. ಇಂಥವು ಮುಂಬಯಿಯಲ್ಲಿ ಕುತ್ತಿಗೆಯವರೆಗೆ ಫುಟ್‌ಪಾತಿನಲ್ಲಿ ಹೂತುಹೋಗಿದ್ದವು. ಆಸಕ್ತರು ಹುಡುಕಿ ತೋರಿಸಿದ ಮೇಲೆ ಕೆಲವನ್ನು ಎತ್ತಿ ನಿಲ್ಲಿಸಿದ್ದಾರೆ. ಇಂಗ್ಲೆಂಡಿನಲ್ಲಿ 1936ರಿಂದ ಬೆಟ್ಟಗಳ ಮೇಲೆ ನಿಲ್ಲಿಸಿದ ಸರ್ವೆ ಕಂಬಗಳನ್ನು ಒಂದೊಂದಾಗಿ ಹತ್ತಿ ಬರುವುದೇ ಹಲವರ ರಜೆಯ ಕೆಲಸ.

ಮೊಬೈಲಿನಲ್ಲಿ ಎತ್ತರ ಬರುವಾಗ ಈ ಕಲ್ಲುಗಳೇಕೆ ಎಂದು ಕಿರಿಯ ಸದಸ್ಯರೊಬ್ಬರು ಕೇಳಿದರು. ಅವರ ಫೋನಿನ ಒಂದು ಆ್ಯಪು ವಾಚನಾಲಯದ ಮೇಜಿನ ಬಳಿ ಸೊನ್ನೆಗಿಂತ 50 ಮೀಟರಿಗೂ ಕೆಳಗೆ ತೋರಿಸಿತು. ನಾವೆಲ್ಲ ಮುಳುಗಿದವರೇ ಎಂದು ನಕ್ಕೆವು. ಅದೂ ತಪ್ಪಲ್ಲ. ಉಪಗ್ರಹ ಅಳೆಯುವುದು ಗಣಿತದಲ್ಲಿ ಕಲ್ಪಿಸಿದ ನುಣುಪಾದ ಭೂಗೋಳದ ಮೈಯಿಂದ. ಭಾರತದ ಸುತ್ತ ನಿಜವಾದ ಸಮುದ್ರದ ಮೈ ಆ ಕಲ್ಪನೆಗಿಂತ ಬಹಳ ತಗ್ಗಿನಲ್ಲಿದೆ. ಕೆಲವು ಆ್ಯಪುಗಳು ಆ ಅಂತರವನ್ನು ತಾವೇ ಕೂಡಿಸಿ ತೋರಿಸುತ್ತವೆ, ಕೆಲವು ಇಲ್ಲ. ನಿವೃತ್ತ ಹಿರಿಯರು ಕನ್ನಡಕ ತೆಗೆದು, "ಇದು ನಾಲ್ಕನೇ ಸೊನ್ನಿ ನೋಡ್ರಿ" ಎಂದರು.

47 ಇ/4 ಹಾಳೆಯ ಪ್ರತಿಯೊಂದನ್ನು ಪತ್ರಿಕೆಗಳ ಮೇಜಿನ ಪಕ್ಕದ ಗೋಡೆಗೆ ಅಂಟಿಸಿದೆ. ಗುರುತು ಸಿಕ್ಕವರು ಅದರ ಚಿತ್ರ, ರಸ್ತೆಯ ಹೆಸರು, ಹತ್ತಿರದ ಕಟ್ಟಡ, ಕಲ್ಲಿನ ಈಗಿನ ಸ್ಥಿತಿ ಇಷ್ಟನ್ನು ಅಲ್ಲಿಯ ವಹಿಯಲ್ಲಿ ಬರೆಯಬೇಕು. ರಸ್ತೆ ಕೆಲಸ ನಡೆಯುವ ಕಡೆ ಕಂಡರೆ ಬರೆಯುವುದರ ಜೊತೆಗೆ ಕೂಡಲೇ ಹೇಳಬೇಕು, ಸರ್ವೆಯವರಿಗೆ ಕಾಗದ ಬರೆದು ಕಳುಹಿಸುವ ಹೊಣೆ ನಮ್ಮದು. ಮುಂದಿನ ಭಾನುವಾರ ಬೆಳಿಗ್ಗೆ 7 ಗಂಟೆಗೆ ವಾಚನಾಲಯದ ಬಾಗಿಲಲ್ಲಿ ಸೇರಿ ಹೊರಡುವುದು. ಬರುವವರು ಛತ್ರಿ, ನೀರು, ಬುತ್ತಿ ತರಬೇಕು. ಕುಡುಗೋಲು ತರಬಾರದು.