ನಾನಿಯ ಕಣ್ಣು ಮತ್ತು ಚೌಕುಳಿ ಹಾಳೆ

ಆಳಂದದ ನಮ್ಮ ನಾನಿ ಕುರ್‌ಆನ್ ಓದುವಾಗ, "ಸಾಲಿನ ನಡುವೆ ಅಕ್ಷರ ಮಾಯ ಆಗ್ತಾವ" ಅಂದಿದ್ದರು. ಮೋತಿಬಿಂದು ಇರಬೇಕು, ಆಮೇಲೆ ಆಪರೇಷನ್ ಮಾಡಿಸೋಣ ಎಂದು ನಾವು ಸುಮ್ಮನಿದ್ದೆವು. ತಪ್ಪು ನಮ್ಮದೇ. ಕೆಟ್ಟಿದ್ದು ಮಸೂರವಲ್ಲ, ರೆಟಿನಾದ ನಡುಭಾಗವಾದ ಮ್ಯಾಕುಲಾ ಎಂದು ಕಲಬುರಗಿಯಲ್ಲಿ ತಪಾಸಣೆ ಮಾಡಿದಾಗ ತಿಳಿಯಿತು.

ಓದಲು, ಮುಖ ಗುರುತಿಸಲು ಮ್ಯಾಕುಲಾ ಬೇಕು. ಅದು ಸವೆದರೂ ಅಂಚಿನ ನೋಟ ಉಳಿಯುತ್ತದೆ. ಅದಕ್ಕೇ ನಾನಿ ಅಂಗಳದಲ್ಲಿ ಸಲೀಸಾಗಿ ಓಡಾಡುತ್ತಿದ್ದರು, ನಮಗೆ ಗೊತ್ತೇ ಆಗಲಿಲ್ಲ. ಈ ರೋಗದ ಒಣ ಬಗೆ ನಿಧಾನ. ಒದ್ದೆ ಬಗೆಯಲ್ಲಿ ರೆಟಿನಾದ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ವಾರಗಳಲ್ಲೇ ದೃಷ್ಟಿ ಕೆಡಬಹುದು. ನಾನಿಯ ಬಲಗಣ್ಣಿಗೆ ಆದದ್ದು ಇದೇ. ಕಣ್ಣೊಳಗೆ ಕೊಡುವ ಇಂಜೆಕ್ಷನ್ ಉಳಿದದ್ದನ್ನು ಕಾಪಾಡಬಹುದು, ಹೋದದ್ದೆಲ್ಲ ಮರಳುವುದಿಲ್ಲ.

ಅಫಜಲಪುರ, ಜೇವರ್ಗಿಯಿಂದ ಬರುವ ಗೆಳೆಯರೇ, ಮನೆಯಲ್ಲಿ 50 ದಾಟಿದವರಿದ್ದರೆ ಗಣಿತದ ಚೌಕುಳಿ ಹಾಳೆಯ ನಡುವೆ ಒಂದು ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿಸಿ, 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ ಚುಕ್ಕೆ ನೋಡಿಸಿ. ಸ್ವಿಟ್ಜರ್ಲೆಂಡಿನ ವೈದ್ಯ ಮಾರ್ಕ್ ಆಮ್ಸ್ಲರ್ ಹೆಸರಿನ ಪರೀಕ್ಷೆ ಇದೇ ಬಗೆಯದು. ಗೆರೆ ಡೊಂಕಾಗಿ ಕಂಡರೆ, ನಡುವೆ ಕಪ್ಪಾದರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಈ ಮಾತು ನಮ್ಮ ಮಾಮುಗಳಿಗೆ ಹೇಳುವುದೇ ಕಷ್ಟ!

ನಾನಿಯ ಎಡಗಣ್ಣನ್ನು ಈಗ ಪ್ರತಿ ಜುಮ್ಮಾ ದಿನ ನಾನೇ ಪರೀಕ್ಷಿಸುತ್ತೇನೆ.